ಬೆಳಕಿಗೆ ಅಡ್ಡ

"ಇವನ ಮಾತು ತಲೆಗೆ ಹಾಕ್ಕೋಬೇಡಿ ಸಾರ್. ಏಳನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟೋನು. ಅವತ್ತಿಂದ ಇವತ್ತಿನವರೆಗೂ ಕಂಡವರ ಮನೇಲಿ ಮಂಡಿಯೂರಿಕೊಂಡೇ ಇದಾನೆ. ಮೂಗು ಸದಾ ನೆಲಕ್ಕೆ ಹತ್ರ ಇರುತ್ತಲ್ಲ, ಅದಕ್ಕೆ ನೆಲದ ವಿಷಯದಲ್ಲಿ ತಾನೇ ದೊಡ್ಡ ಪಂಡಿತ ಅಂದ್ಕೊಂಡಿದಾನೆ."

ಅಣ್ಣ ಇದನ್ನು ಹೇಳಿದ್ದು ನೆಲದ ಹಲಗೆ ಮಾರುವ ಅಂಗಡಿಯ ನಟ್ಟನಡುವೆ ನಿಂತು. ಕೇಳಿಸಿಕೊಂಡವರು ಅಂಗಡಿಯ ಮ್ಯಾನೇಜರು, ಗಾಜು ಒರೆಸುತ್ತಿದ್ದ ಹುಡುಗಿ, ಹೊಸದಾಗಿ ಮದುವೆಯಾದಂತಿದ್ದ ಒಂದು ಜೋಡಿ, ಮತ್ತೆ ಅತ್ತಿಗೆ. ಮ್ಯಾನೇಜರು ವ್ಯಾಪಾರದ ನಗೆ ನಕ್ಕ. ಜೋಡಿಯಲ್ಲಿ ಗಂಡನಾದವನು ಮನಸಾರೆ ನಕ್ಕ, ಹೆಂಡತಿ ಅವನ ಮೊಣಕೈ ತಿವಿದ ಮೇಲೆ ಅದನ್ನು ಕೆಮ್ಮಾಗಿ ಬದಲಾಯಿಸಿದ. ಅತ್ತಿಗೆ ಮಾತ್ರ ಕೈಯಲ್ಲಿದ್ದ ಹಲಗೆಯ ತುಂಡನ್ನು ತಿರುಗಿಸಿ, ಹಿಂದುಗಡೆ ಏನೋ ಬರೆದಿದೆ ಎಂಬಂತೆ ಓದತೊಡಗಿದಳು. ಅಲ್ಲಿ ಏನೂ ಬರೆದಿರಲಿಲ್ಲ.

ತಮ್ಮ ಹೇಳಿದ್ದಾದರೂ ಏನು? "ಅಣ್ಣ, ಈ ಗಾಜಿನಂಥ ಹಲಗೆ ಬೇಡ. ಇದರ ಮೇಲೆ ಅಮ್ಮನ ಕಾಲಿಗೆ ಏನೂ ಗೊತ್ತಾಗಲ್ಲ." ಇಷ್ಟೇ. ಇಷ್ಟಕ್ಕೇ ಏಳನೇ ಕ್ಲಾಸಿನಿಂದ ಹಿಡಿದು ಮೂಗಿನವರೆಗೆ ಎಲ್ಲ ಹೊರಬಂತು.

ಮನೆಯಲ್ಲಿ ಅವನನ್ನು ಕರೆಯುವುದು ಮೊಂಡ ಎಂದು. ವಯಸ್ಸು ಇಪ್ಪತ್ನಾಲ್ಕು. ಅದರಲ್ಲಿ ಒಂಬತ್ತು ವರ್ಷ ಬೇರೆಯವರ ಮನೆಗಳಿಗೆ ಮರದ ನೆಲ ಹಾಕುವುದರಲ್ಲೇ ಸವೆದಿತ್ತು. ಮಂಡಿಯ ಚರ್ಮ ಹಿಮ್ಮಡಿಯ ಚರ್ಮದಷ್ಟು ದಪ್ಪವಾಗಿತ್ತು. ಸಿಟ್ಟು ಬಂದರೆ ಅವನಿಗೆ ಮೊದಲು ಬಿಸಿಯಾಗುವುದು ಕಿವಿ. ಈಗ ಎರಡೂ ಕಿವಿ ಕಾದ ಬಾಣಲೆಯಾಗಿದ್ದವು. ಎದುರು ಉತ್ತರಕ್ಕೆ ಹತ್ತು ಮಾತು ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ಮಾತಾಡಿ ಗೆಲ್ಲುವುದು ಅಣ್ಣನ ಕಸುಬು. ಅವನಿಗೆ ಸಂಬಳ ಕೊಡುವುದೇ ಅದಕ್ಕೆ. ಮೊಂಡ ನುಂಗಿಕೊಂಡ, ನುಂಗಿ ನುಂಗಿ ಸಾಕಾಗಿತ್ತು, ಆದರೂ ನುಂಗಿದ.

ವಿಷಯ ಅಮ್ಮನದು. ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಮನೆಯೊಳಗೆ ಅವಳ ಕಣ್ಣೆಂದರೆ ಅಂಗಾಲು. ಮಂಚದಿಂದ ಇಳಿದರೆ ನಾಲ್ಕು ಹೆಜ್ಜೆಗೆ ಕೋಣೆಯ ಬಾಗಿಲು. ಹೊರಗೆ ಹಾಲ್‌ನಲ್ಲಿ ಏಳನೆಯ ಟೈಲ್ಸು ಒಡೆದಿದೆ, ಅದನ್ನು ತುಳಿದರೆ ದಾರಿ ಸರಿಯಿದೆ ಎಂದು ಅರ್ಥ. ಮುಂದೆ ಸ್ವಲ್ಪ ತಗ್ಗು. ತಗ್ಗು ದಾಟಿದರೆ, ಎಂದೋ ಪೈಪು ಅಗೆದು ಮುಚ್ಚಿದ ಒರಟು ಸಿಮೆಂಟು. ಅಲ್ಲಿ ಕೈ ಚಾಚಿದರೆ ಬಚ್ಚಲ ಬಾಗಿಲ ಚಿಲಕ. ಹನ್ನೆರಡು ವರ್ಷದಿಂದ ಹೀಗೆ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುತ್ತಿದ್ದಳು. "ಊಟಕ್ಕೆ ಕೂಗಿದ್ರೆ ಬರ್ತೀನಿ, ಔಷಧಿಗೆ ಕೂಗಿದ್ರೆ ಬರ್ತೀನಿ. ಅದೊಂದಕ್ಕೆ ಮಾತ್ರ ನಾನು ಯಾರನ್ನೂ ಕೂಗೋ ಹಾಗೆ ಆಗಬಾರದು" ಎನ್ನುತ್ತಿದ್ದಳು.

ಮೂರು ತಿಂಗಳ ಹಿಂದೆ ಅದೇ ತಗ್ಗಿನಲ್ಲಿ ನಿಂತ ನೀರಿಗೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದ ದಿನವೇ ಅಣ್ಣ ತೀರ್ಮಾನ ಮಾಡಿದ್ದ. ಟೈಲ್ಸಿನ ಮೇಲೆ ಮರದ ಹಲಗೆ ಹಾಕಿಸಬೇಕು, ಬಿದ್ದರೂ ಮೂಳೆ ಮುರಿಯಬಾರದು, ಕಾಲಿಗೆ ತಣ್ಣಗೂ ಹತ್ತಬಾರದು. ಅಣ್ಣ ಕೆಟ್ಟವನಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಏಳನೇ ಕ್ಲಾಸಿನ ಮಾತಿಗೂ ಒಂದು ಕಥೆಯಿದೆ. ಅಪ್ಪ ತೀರಿಕೊಂಡ ಮಾರನೆಯ ವರ್ಷ ಅಮ್ಮನ ಕಣ್ಣು ಮಂಜಾಗತೊಡಗಿತು. ಪ್ರತಿ ಮಂಗಳವಾರ ಕಣ್ಣಾಸ್ಪತ್ರೆ. ಕೈ ಹಿಡಿದು ಕರೆದೊಯ್ಯಲು ಒಬ್ಬರು ಬೇಕು. ಅಣ್ಣನಿಗೆ ಆ ವರ್ಷ ದೊಡ್ಡ ಪರೀಕ್ಷೆ. ಮಂಗಳವಾರ ಒಂದಿದ್ದದ್ದು ವಾರಕ್ಕೆ ಮೂರು ದಿನವಾಯಿತು. ಆಪರೇಶನ್ ಆಯಿತು, ಫಲ ಕಾಣಲಿಲ್ಲ. ಅಷ್ಟರಲ್ಲಿ ಶಾಲೆಯವರು ಹಾಜರಿ ಪುಸ್ತಕದಿಂದ ಮೊಂಡನ ಹೆಸರು ಹೊಡೆದುಹಾಕಿದ್ದರು. ಅಣ್ಣ ಪಾಸಾದ. ಅಣ್ಣ ಓದಿದ, ತಮ್ಮ ಬಿಟ್ಟ. ಮನೆಯಲ್ಲಿ ಅದನ್ನು ಹೇಳುವುದು ಹಾಗೆಯೇ, ಮಳೆ ಬಂತು ನಿಂತಿತು ಎಂದಷ್ಟು ಸಲೀಸಾಗಿ.

ಅಂಗಡಿಯಿಂದ ಹೊರಡುವಾಗ ಮೊಂಡ ಮ್ಯಾನೇಜರನ್ನು ಕೇಳಿ ನಾಲ್ಕು ಸ್ಯಾಂಪಲ್ ತುಂಡು ಚೀಲಕ್ಕೆ ಹಾಕಿಕೊಂಡ.

ಸಂಜೆ ಅವನ್ನು ಅಮ್ಮನ ಮಂಚದ ಮುಂದೆ ಸಾಲಾಗಿ ಜೋಡಿಸಿಟ್ಟ. "ಅಮ್ಮ, ಕಾಲು ಇಳಿಬಿಡು. ಯಾವುದು ಸರಿ ಹೇಳು."

ಅಮ್ಮ ಒಂದೊಂದರ ಮೇಲೂ ಅಂಗಾಲು ಇಟ್ಟು, ಹೆಬ್ಬೆರಳಿಂದ ಅಂಚು ಸವರಿ ನೋಡಿದಳು. ಸೊಪ್ಪು ಆರಿಸುವಾಗಿನ ಗಾಂಭೀರ್ಯ ಮುಖದಲ್ಲಿತ್ತು.

"ಇದು ತಟ್ಟೆ ಇದ್ದ ಹಾಗಿದೆ. ಯಾವನು ಇಷ್ಟಪಟ್ಟ ಇದನ್ನ?"

"ಅಣ್ಣ."

"ಅವನಿಗೆ ಮುಖ ನೋಡ್ಕೊಳ್ಳೋಕೆ ಬೇಕೇನೋ. ಇದು?"

"ಇದಕ್ಕೆ ಹಲಗೆ ಹಲಗೆ ನಡುವೆ ಅಂಚು ಕೊರೆದಿರ್ತಾರೆ. ಜೋಡಿಸಿದ ಮೇಲೂ ಗೆರೆ ಕಾಲಿಗೆ ಸಿಗುತ್ತೆ."

ಅಮ್ಮ ಹೆಬ್ಬೆರಳನ್ನು ಗೆರೆಯೊಳಗೆ ಇಟ್ಟು ಹಿಂದೆ ಮುಂದೆ ಎಳೆದಳು. "ಇದಕ್ಕೆ ಬಾಯಿದೆ. ಮಾತಾಡುತ್ತೆ. ಬಣ್ಣ ಯಾವುದು?"

"ಜೇನಿನ ಬಣ್ಣ."

"ಕೊಳೆ ಕಾಣುತ್ತಾ?"

"ಅಷ್ಟಾಗಿ ಕಾಣಲ್ಲ."

"ನನಗಂತೂ ಕಾಣಲ್ಲ, ಬಿಡು" ಎಂದು ಅಮ್ಮ ಒಬ್ಬಳೇ ನಕ್ಕಳು.

ಗೆರೆಯಿದ್ದ ಹಲಗೆಯೇ ಬಂತು. ಮೊಂಡ ಹೇಳಿದ್ದಕ್ಕಲ್ಲ. ಗೆರೆ ಇದ್ದರೇ ನಿಜವಾದ ಮರದ ಹಾಗೆ ಕಾಣುತ್ತದೆ ಎಂದು ಅತ್ತಿಗೆ ಊಟದ ಹೊತ್ತಿಗೆ ಮೆಲ್ಲಗೆ ಒಂದು ಮಾತು ಹಾಕಿದ್ದಕ್ಕೆ. ಆದರೆ ಹಾಕುವವರು ಯಾರು ಎಂಬ ಮಾತು ಬಂದಾಗ ಅಣ್ಣ ಬಗ್ಗಲಿಲ್ಲ.

"ನಾನು ಹಾಕ್ತೀನಿ. ಮೂರು ದಿನದ ಕೆಲಸ" ಎಂದ ಮೊಂಡ.

"ಮನೆಯವರಿಗೆ ಕೆಲಸ ಕೊಟ್ರೆ ನಾಳೆ ಹೆಚ್ಚು ಕಮ್ಮಿ ಆದಾಗ ಯಾರ ಕತ್ತಿನ ಪಟ್ಟಿ ಹಿಡಿಯೋದು? ನನಗೆ ಗ್ಯಾರಂಟಿ ಕಾಗದ ಬೇಕು. ಸೀಲು ಬೇಕು. ನಿನ್ನ ಹತ್ರ ಸೀಲಿದೆಯಾ?"

ಮೊಂಡನ ಹತ್ತಿರ ಸೀಲಿರಲಿಲ್ಲ.

ಭಾನುವಾರ ಕಾಂಟ್ರಾಕ್ಟರು ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೆಂಪು ಬೆಳಕು ಬಿಟ್ಟು ಗೋಡೆಯಿಂದ ಗೋಡೆಗೆ ಅಳೆಯುವ ಯಂತ್ರ. ಬಗ್ಗಲಿಲ್ಲ, ಕೂರಲಿಲ್ಲ, ಒಂದು ಟೈಲ್ಸನ್ನೂ ತಟ್ಟಿ ನೋಡಲಿಲ್ಲ. ಹಲಗೆ ಕೂತ ಮೇಲೆ ಬಾಗಿಲುಗಳು ತೆರೆಯಲಾಗದೆ ಅಡಿ ಕೊಯ್ಯಬೇಕಾಗುತ್ತದೆ ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒರಗಿ ನಿಂತಿದ್ದ ಮೊಂಡನಿಗೆ ಅದು ಮೊದಲ ನಿಮಿಷದಲ್ಲೇ ಕಂಡಿತ್ತು. ಹೇಳಲಿಲ್ಲ. ಕಾಂಟ್ರಾಕ್ಟರು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ದೊಡ್ಡ ಕಿಟಕಿ, ಕಿಟಕಿಯಿಂದ ಒಳಕ್ಕೆ ಬೆಳಕಿನ ಜೊತೆಗೇ ಹರಿದುಬಂದ ಹಾಗೆ ಉದ್ದುದ್ದ ಹಲಗೆ.

"ಹೀಗೇ ಬೇಕು" ಎಂದ ಅಣ್ಣ.

"ಹೀಗೇ ಆಗುತ್ತೆ ಸಾರ್. ಬೆಳಕಿನ ದಿಕ್ಕಿಗೇ ಹಾಕೋದು. ಆಗ ಸಂದು ಕಾಣಲ್ಲ. ನಮ್ಮ ಟೀಮ್ ಇದೆ, ನೀವು ನಿಶ್ಚಿಂತೆಯಾಗಿರಿ."

ಟೀಮು ಎಂದರೆ ಏನೆಂದು ಮೊಂಡನಿಗೆ ತಿಳಿದದ್ದು ಬುಧವಾರ. ಅವನು ಆರು ವರ್ಷದಿಂದ ಕೆಲಸ ಮಾಡುತ್ತಿದ್ದದ್ದು ಒಬ್ಬ ಮುದಿ ಮೇಸ್ತ್ರಿಯ ಕೈಕೆಳಗೆ. ಮೇಸ್ತ್ರಿಯ ಮಂಡಿಗಳು ಹೋಗಿ ಬಹಳ ಕಾಲವಾಗಿತ್ತು. "ನನ್ನ ಮಂಡಿ ಎರಡೂ ಪೆನ್ಶನ್ ತಗೊಂಡ್ವು ಕಣೋ, ನಾನು ಮಾತ್ರ ಇನ್ನೂ ಡ್ಯೂಟೀಲಿದೀನಿ" ಎಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಹೇಳಿಕೊಡುವುದು ಅವನ ಕೆಲಸ, ಬಗ್ಗುವುದು ಮೊಂಡನ ಕೆಲಸ. ಬುಧವಾರ ಸಂಜೆ ಮೇಸ್ತ್ರಿ, "ನಾಳೆಯಿಂದ ಹೊಸ ಕೆಲಸ. ಆ ಇಸ್ತ್ರಿ ಅಂಗಿ ಕಾಂಟ್ರಾಕ್ಟರ್ ಕೊಟ್ಟಿದಾನೆ, ಅವನಿಗೆ ಆಳು ಎಲ್ಲಿದಾರೆ ಪಾಪ" ಎಂದು ವಿಳಾಸ ತೋರಿಸಿದ. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಹಸಿರು ಬಾಗಿಲು. ಮೊಂಡ ಅದನ್ನು ಎರಡು ಸಲ ಓದಿದ. ಅವನ ಮನೆಯ ವಿಳಾಸವೇ ಅದು.

ಅವನಿಗೆ ಜೋರಾಗಿ ನಗಬೇಕೆನಿಸಿತು. ನಗಲು ಬೇಕಾದಷ್ಟು ಕಸುವು ಇರಲಿಲ್ಲ.

ಗುರುವಾರ ಬೆಳಗ್ಗೆ ಎಂದಿನಂತೆ ಕೆಲಸಕ್ಕೆಂದು ಮನೆಯಿಂದ ಇಳಿದ. ಬೀದಿಯ ತುದಿಯಲ್ಲಿ ಮೇಸ್ತ್ರಿಯನ್ನು ಕೂಡಿಕೊಂಡ. ಕೊಯ್ಯುವ ಯಂತ್ರ ಹೆಗಲಿಗೆ ಹಾಕಿಕೊಂಡು ಅದೇ ಮೆಟ್ಟಿಲು ಹತ್ತಿ ಬಂದು ಅದೇ ಬಾಗಿಲು ತಟ್ಟಿದ. ಬಾಗಿಲು ತೆರೆದವನು ಅಣ್ಣ.

"ಏನೋ ಮರೆತು ಹೋದ್ಯಾ?"

"ಇಲ್ಲ. ಕೆಲಸಕ್ಕೆ ಬಂದೆ."

ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನಿಂದ ಏದುಸಿರು ಬಿಡುತ್ತ ಹತ್ತಿ ಬಂದ ಮೇಸ್ತ್ರಿ, "ನಮಸ್ಕಾರ ಸಾರ್. ಈ ಹುಡುಗ ನಿಮಗೆ ಪರಿಚಯಾನಾ?" ಎಂದ.

"ನನ್ನ ತಮ್ಮ" ಎಂದ ಅಣ್ಣ, ಹಲ್ಲುನೋವಿನ ಬಗ್ಗೆ ಹೇಳುವವನ ಹಾಗೆ.

ಮೇಸ್ತ್ರಿ ಮೊಂಡನನ್ನು ನೋಡಿದ, ಅಣ್ಣನನ್ನು ನೋಡಿದ, ಗೋಡೆಯ ಮೇಲಿದ್ದ ಮನೆಯವರ ಫೋಟೋ ನೋಡಿದ. "ಮತ್ತೆ ನಡುವೆ ಆ ಕಾಂಟ್ರಾಕ್ಟರ್ ಯಾಕೆ ಸಾರ್? ಅವನನ್ನ ಸಾಕೋಕಾ?"

ಅಣ್ಣ ಬಾಲ್ಕನಿಗೆ ಹೋಗಿ ಕಾಂಟ್ರಾಕ್ಟರಿಗೆ ಫೋನ್ ಹಚ್ಚಿದ. ಅತ್ತ ಕಡೆಯಿಂದ, ನಮ್ಮಲ್ಲಿರುವವರಲ್ಲೇ ಅತ್ಯುತ್ತಮ ಟೀಮು ಸಾರ್ ಅದು, ಎಂಬುದು ಹಾಲ್‌ವರೆಗೂ ಕೇಳಿಸಿತು. ಸಾಮಾನೆಲ್ಲ ಆಗಲೇ ಪಕ್ಕದ ಮನೆಗೆ ಸಾಗಿಸಿ ಆಗಿತ್ತು. ಆಫೀಸಿನಲ್ಲಿ ಶನಿವಾರಕ್ಕೆ ಜನರನ್ನು ಕರೆದೂ ಆಗಿತ್ತು, ಹೊಸ ನೆಲ ನೋಡಲು ಮೇಲಧಿಕಾರಿಯೇ ಬರುವವರಿದ್ದರು. ಅಣ್ಣ ಒಳಗೆ ಬಂದು ಬೆರಳೆತ್ತಿ ಹೇಳಿದ, "ಚಿತ್ರದಲ್ಲಿದ್ದ ಹಾಗೆ ಬರಬೇಕು. ನಿನ್ನ ಬುದ್ಧಿ ಉಪಯೋಗಿಸಬೇಡ."

"ಅಣ್ಣ, ಒಂದು ಮಾತು. ಕಿಟಕಿ ಕಡೆಯಿಂದ ಹಾಕಿದ್ರೆ ಗೆರೆಯೆಲ್ಲ ಅಮ್ಮನ ದಾರಿಗೆ ಅಡ್ಡ ಬರುತ್ತೆ. ಅವಳ ಮಂಚದಿಂದ ಬಚ್ಚಲಿಗೆ ಹೋಗೋ ಕಡೆಗೆ ಹಾಕಿದ್ರೆ, ಒಂದು ಗೆರೆ ಹಿಡ್ಕೊಂಡು ಹೋದ್ರೆ ಸಾಕು—"

"ಮೇಸ್ತ್ರಿ, ನೀವೇ ಹೇಳಿ. ಯಾವ ಕಡೆಗೆ ಹಾಕೋದು?"

ಮೇಸ್ತ್ರಿ ತಲೆ ಕೆರೆದುಕೊಂಡ. "ಕಸುಬು ಕೇಳೋದಾದ್ರೆ ಬೆಳಕಿನ ಕಡೆಗೇ ಸಾರ್. ಬೆಳಕಿಗೆ ಅಡ್ಡ ಹಾಕಿದ್ರೆ ಒಂದೊಂದು ಸಂದೂ ಎದ್ದು ಕಾಣುತ್ತೆ. ಕೈ ಬಾರದೋನು ಹಾಕಿದಾನೆ ಅಂತಾರೆ."

"ಕೇಳಿದ್ಯಲ್ಲ" ಎಂದ ಅಣ್ಣ, ಬ್ಯಾಗು ಹಿಡಿದು ಹೊರಟ.

ಗುರುವಾರ, ಶುಕ್ರವಾರ ಎರಡೂ ದಿನ ಮೊಂಡ ಅಣ್ಣ ಹೇಳಿದಂತೆಯೇ ಹಾಕಿದ. ಹಳೆಯ ಟೈಲ್ಸಿನ ತಗ್ಗು ತುಂಬಿ, ರಸಮಟ್ಟ ಇಟ್ಟು ನೋಡಿ, ತೆಳ್ಳನೆಯ ಫೋಮು ಹಾಸಿ, ಗೋಡೆಯಿಂದ ಒಂದು ಬೆರಳು ಜಾಗ ಬಿಟ್ಟು, ಒಂದರ ಅಂಚನ್ನು ಇನ್ನೊಂದರ ಸಂದಿಗೆ ತೂರಿಸಿ ತಟ್ಟಿ ತಟ್ಟಿ ಕೂರಿಸಿದ. ಒಳ್ಳೆಯ ಹಲಗೆ ಕೂರುವಾಗ ಟಪ್ ಎಂದು ಒಂದೇ ಸದ್ದು ಬರುತ್ತದೆ. ಆ ಸದ್ದು ಕೇಳಿದಾಗಲೆಲ್ಲ ಎಷ್ಟೇ ಸಿಟ್ಟಿದ್ದರೂ ಅವನಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಅದಕ್ಕೂ ಅವನಿಗೆ ಸಿಟ್ಟು ಬಂತು. ಅಮ್ಮ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ತಟ್ಟುವ ಸದ್ದಿನಿಂದಲೇ ಎಲ್ಲಿಯವರೆಗೆ ಬಂತೆಂದು ಲೆಕ್ಕ ಹಾಕುತ್ತಿದ್ದಳು. "ಕಿಟಕಿ ಹತ್ರ ಮುಗೀತಾ? ಇನ್ನು ನನ್ನ ಕೋಣೆಗಾ?" ಸಂಜೆ ಬಾಗಿಲುಗಳನ್ನು ಕಳಚಿ ಅಡಿ ಕೊಯ್ದು ಮತ್ತೆ ಸಿಕ್ಕಿಸಿದಾಗ ಅವನ ಬೆನ್ನು ಬೇರೆ ಯಾರದೋ ಬೆನ್ನಾಗಿತ್ತು.

ನೆಲ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳಬಾರದು. ಆಫೀಸಿನಿಂದ ಬಂದ ಅಣ್ಣ ಚಪ್ಪಲಿ ಬಿಟ್ಟು ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ. "ಪರವಾಗಿಲ್ಲ" ಎಂದ. ಅಣ್ಣನ ಬಾಯಲ್ಲಿ ಅದು ಹಾರ ಹಾಕಿದಷ್ಟೇ ದೊಡ್ಡದು. ಆ ರಾತ್ರಿ ಅಮ್ಮನನ್ನು ಅತ್ತಿಗೆಯೇ ಕೈ ಹಿಡಿದು ಬಚ್ಚಲಿಗೂ ಮಂಚಕ್ಕೂ ಕರೆದೊಯ್ದಳು. ಮೊಂಡ ಎಂದಿನಂತೆ ಹಾಲ್‌ನಲ್ಲೇ, ತಾನು ಹಾಕಿದ ಹಲಗೆಯ ಮೇಲೆಯೇ, ಚಾಪೆ ಹಾಸಿಕೊಂಡು ಬಿದ್ದ.

ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾಯಿತು. ಮುಂಬಾಗಿಲ ಮೂಲೆಯಲ್ಲಿ, ಚಪ್ಪಲಿ ಗೂಡಿನ ಪಕ್ಕ, ಅಮ್ಮ ಎರಡೂ ಕೈ ಗೋಡೆಗೆ ಒತ್ತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಯಾರನ್ನೂ ಕೂಗಿರಲಿಲ್ಲ.

"ಅಮ್ಮ."

"ಎದ್ದಿದೀಯಾ? ಹಾಗಾದ್ರೆ ನಾನು ಎಲ್ಲಿದೀನಿ ಹೇಳು."

"ಮುಂಬಾಗಿಲ ಹತ್ರ."

"ಇಷ್ಟು ದೂರ ಬಂದ್ನಾ." ಅಮ್ಮನ ದನಿ ಅಂಗಡಿಯಲ್ಲಿ ತಪ್ಪು ಸಾಮಾನು ಕೊಟ್ಟಾಗಿನ ದನಿಯಂತಿತ್ತು. "ಎಷ್ಟು ಗೆರೆ ದಾಟಿದೆ ಅಂತ ಗೊತ್ತಾಗುತ್ತೆ ಕಣೋ. ಯಾವ ಕಡೆ ಹೋಗ್ತಿದೀನಿ ಅಂತ ಗೊತ್ತಾಗಲ್ಲ. ಎಲ್ಲಾ ಕಡೆ ಒಂದೇ ಥರ ಇದೆ."

ಅವನು ಎದ್ದು ಹತ್ತಿರ ಹೋದ. ಅಮ್ಮನ ಕಾಲ ಬುಡದಲ್ಲಿ ಹಲಗೆ ಒದ್ದೆಯಾಗಿತ್ತು. ಬಟ್ಟೆಯ ಅಂಚೂ ಒದ್ದೆಯಾಗಿತ್ತು. ಅಮ್ಮ ಮುಖವನ್ನು ಗೋಡೆಯಿಂದ ಇತ್ತ ತಿರುಗಿಸಲಿಲ್ಲ.

"ಕೈ ಹಿಡೀಬೇಡ" ಎಂದಳು. "ಬಾಯಲ್ಲಿ ಹೇಳು."

ಅವನು ಬಾಯಲ್ಲಿ ಹೇಳಿದ. ಎಡಕ್ಕೆ ತಿರುಗು, ಎಂಟು ಹೆಜ್ಜೆ, ಇನ್ನು ಸ್ವಲ್ಪ ಬಲಕ್ಕೆ, ಹಾಂ, ಚಿಲಕ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ತನ್ನ ಅಂಗಿ ಬಿಚ್ಚಿ ನೆಲ ಒರೆಸಿದ. ಗೆರೆಯೊಳಗಿನ ಒದ್ದೆಯನ್ನು ಉಗುರಿಗೆ ಬಟ್ಟೆ ಸುತ್ತಿ ತೆಗೆದ. ಅಣ್ಣ ಅತ್ತಿಗೆ ಏಳುವಷ್ಟರಲ್ಲಿ ಎಲ್ಲ ಒಣಗಿತ್ತು. ಈ ವಿಷಯ ಅವನೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ.

ತಿಂಡಿಯ ಹೊತ್ತಿಗೆ ಮಾತ್ರ ಅವನು ಹೇಳಿದ, "ಅಣ್ಣ, ಅಮ್ಮನಿಗೆ ದಾರಿ ಸಿಗ್ತಿಲ್ಲ."

"ಗೊತ್ತು. ಯೋಚನೆ ಮಾಡಿದೀನಿ. ಒಂದು ಬೆಲ್ ಹಾಕಿಸ್ತೀನಿ, ಮಂಚದ ಪಕ್ಕ. ಒತ್ತಿದ್ರೆ ನಮ್ಮ ರೂಮಲ್ಲಿ ಬಾರಿಸುತ್ತೆ. ಹಗಲು ಹೊತ್ತು ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ಗೊತ್ತು ಮಾಡೋಣ. ಏನಮ್ಮ?"

ಅಮ್ಮ ತಟ್ಟೆಯ ಅಂಚನ್ನು ಹುಡುಕಿ ಬೆರಳಿಟ್ಟುಕೊಂಡಳು. "ನಿಮ್ಮಿಷ್ಟ" ಎಂದಳು. ಮೊಂಡ ಅಮ್ಮನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅಪ್ಪ ಸತ್ತಾಗಲೂ, ಕಣ್ಣು ಹೋದಾಗಲೂ ಅವಳು ಯಾರಿಗೂ ನಿಮ್ಮಿಷ್ಟ ಎಂದವಳಲ್ಲ.

ಅಣ್ಣ ಆಫೀಸಿಗೆ ಹೋದ. ಸಂಜೆ ಐದಕ್ಕೆ ಮೇಲಧಿಕಾರಿಯ ಜೊತೆಗೇ ಬರುವುದಾಗಿ ಹೇಳಿ ಹೋದ. ಮೊಂಡನಿಗೆ ಉಳಿದಿದ್ದ ಕೆಲಸವೆಂದರೆ ಗೋಡೆಯ ಬುಡಕ್ಕೆ ಪಟ್ಟಿ ಹೊಡೆಯುವುದೊಂದೇ. ಮೇಸ್ತ್ರಿ ಬಕೆಟ್ ಬೋರಲು ಹಾಕಿ ಕೂತ. ಮೊಂಡ ಪಟ್ಟಿ ಎತ್ತಿಕೊಳ್ಳಲಿಲ್ಲ. ಅಮ್ಮನ ಮಂಚದ ಬದಿಯಿಂದ ಕೋಣೆಯ ಬಾಗಿಲವರೆಗೆ, ಅಲ್ಲಿಂದ ಹಾಲ್‌ಗೆ ಅಡ್ಡವಾಗಿ ಬಚ್ಚಲ ಬಾಗಿಲವರೆಗೆ ದಾರ ಹಿಡಿದು ಎರಡು ಗೆರೆ ಎಳೆದ. ಮೂರು ಹಲಗೆಯಷ್ಟು ಅಗಲ. ಕೊಯ್ಯುವ ಯಂತ್ರ ಕೈಗೆ ತೆಗೆದುಕೊಂಡ.

"ಏ ಏ, ಏನೋ ಮಾಡ್ತಿದೀಯಾ?"

"ದಾರಿ."

"ತಲೆ ಕೆಟ್ಟಿದೆಯೇನೋ? ಮುಗಿದ ಕೆಲಸ. ಹೊಸಾ ಅಂಗಿಗೆ ಕತ್ತರಿ ಹಾಕಿ ತೇಪೆ ಹಚ್ಚಿದ ಹಾಗೆ ಕಾಣುತ್ತೆ. ಬೆಳಕಿಗೆ ಅಡ್ಡ, ಉಳಿದ ಹಲಗೆಗೂ ಅಡ್ಡ. ನಾಳೆ ನನ್ನನ್ನ ಯಾರಾದ್ರೂ ಕೆಲಸಕ್ಕೆ ಕರೀತಾರಾ?"

"ನಿಮ್ಮ ಹೆಸರು ಹೇಳಬೇಡಿ. ನನ್ನದು ಹೇಳಿ."

"ನಿನ್ನ ಹೆಸರು ಯಾರಿಗೆ ಗೊತ್ತೋ, ಮೊಂಡ?"

ಮೊಂಡ ಯಂತ್ರ ಚಾಲೂ ಮಾಡಿದ. ಮೇಸ್ತ್ರಿ ಸ್ವಲ್ಪ ಹೊತ್ತು ಬೈದ. ಅಮ್ಮ ಅಡುಗೆಮನೆಯಿಂದ ಗೋಡೆ ಸವರಿಕೊಂಡು ಬಂದು, ಕೊಯ್ದು ತೆಗೆದ ಜಾಗದಲ್ಲಿ ಕಾಲಿಟ್ಟು ನಿಂತದ್ದನ್ನು ನೋಡಿದ. ಆಮೇಲೆ ಅವನ ಬಾಯಿಂದ ಬಂದದ್ದು ಬೇರೆಯೇ ಮಾತು. "ಅಂಚಿಗೆ ಗೋಂದು ಕಡಿಮೆ ಹಾಕ್ತಿದೀಯಾ. ಜಾಸ್ತಿ ಹಾಕು, ಇಲ್ಲಾಂದ್ರೆ ಎರಡು ವರ್ಷಕ್ಕೆ ಬಾಯಿ ಬಿಡುತ್ತೆ." ಮಧ್ಯಾಹ್ನ ಊಟಕ್ಕೆ ಮುಂಚೆ ಎದ್ದು, "ನಾನು ಇಲ್ಲಿ ಇರಲಿಲ್ಲ, ನೋಡಲಿಲ್ಲ" ಎಂದು ಮೆಟ್ಟಿಲು ಇಳಿದು ಹೋದ.

ಅತ್ತಿಗೆ ಫೋನ್ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಗಂಡನಿಗೆ ಹೇಳಲೋ ಬೇಡವೋ ಎಂಬುದು ಅವಳ ಹೆಬ್ಬೆರಳಿನಲ್ಲೇ ಕಾಣುತ್ತಿತ್ತು.

"ಅವರು ಕೇಳಿದ್ರೆ ನನಗೆ ಗೊತ್ತಿರಲಿಲ್ಲ ಅಂತೀನಿ" ಎಂದಳು ಕೊನೆಗೆ.

"ಅನ್ನಿ ಅತ್ತಿಗೆ."

"ನಿದ್ದೆ ಮಾಡ್ತಿದ್ದೆ ಅಂತೀನಿ."

"ಈ ಸದ್ದಿಗಾ?"

ಅತ್ತಿಗೆ ಬಂದ ನಗುವನ್ನು ಒಳಗೇ ತಡೆದುಕೊಂಡು ಫೋನು ಕೆಳಗಿಟ್ಟಳು. ಒಂದು ಲೋಟ ಕಾಫಿ ತಂದು ಅವನ ಪಕ್ಕದಲ್ಲಿಟ್ಟು, ಹಲಗೆಯ ಪುಡಿ ಗುಡಿಸತೊಡಗಿದಳು.

ಕೊನೆಯ ಹಲಗೆ ಕೂತಾಗ ನಾಲ್ಕೂವರೆ. ಅಮ್ಮ ಬಂದಳು. ಬಚ್ಚಲ ಕಡೆಯಿಂದ ಒಮ್ಮೆ, ಮಂಚದ ಕಡೆಯಿಂದ ಒಮ್ಮೆ, ಬರಿಗಾಲಲ್ಲಿ, ಗೆರೆಗೆ ಹೆಬ್ಬೆರಳು ತಾಗಿಸಿಕೊಂಡು ನಡೆದು ನೋಡಿದಳು. ಹೋಗಿ ಮಲಗಿದಳು. ಎರಡು ದಿನದಿಂದ ಸರಿಯಾಗಿ ಮಲಗಿರಲಿಲ್ಲವೆಂದು ಕಾಣುತ್ತದೆ, ಕೂಡಲೇ ಗೊರಕೆ ಕೇಳಿಸಿತು. ಮೊಂಡ ಎದ್ದು ನಿಂತು ತನ್ನ ಕೆಲಸ ನೋಡಿದ. ಜೇನು ಬಣ್ಣದ ನೆಲದ ಮೇಲೆ ಒಂದು ಪಟ್ಟೆ ಅಡ್ಡಡ್ಡ ಬಿದ್ದಿತ್ತು. ಸಂಜೆಯ ಬೆಳಕು ಅದರ ಒಂದೊಂದು ಸಂದನ್ನೂ ಎತ್ತಿ ತೋರಿಸುತ್ತಿತ್ತು. ಮೇಸ್ತ್ರಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನೋಡಲು ಕೆಟ್ಟದಾಗಿತ್ತು. ಒಂಬತ್ತು ವರ್ಷದಲ್ಲಿ ಅವನು ಇಷ್ಟು ಕೆಟ್ಟದಾಗಿ ಕಾಣುವ ಕೆಲಸ ಮಾಡಿರಲಿಲ್ಲ.

ಪಕ್ಕದ ಮನೆಯಿಂದ ಕುರ್ಚಿಗಳನ್ನು ತಂದು ಹಾಕಿ ಮುಗಿಸುವಷ್ಟರಲ್ಲಿ ಅಣ್ಣ ಬಂದ. ಜೊತೆಗೆ ಮೇಲಧಿಕಾರಿ, ಅವರ ಹೆಂಡತಿ, ಆಫೀಸಿನ ಇಬ್ಬರು. ಅಣ್ಣ ಬಾಗಿಲಲ್ಲೇ, "ಬನ್ನಿ ಸಾರ್, ಚಪ್ಪಲಿ ಬಿಟ್ಟು ಬಂದ್ರೆ ಗೊತ್ತಾಗುತ್ತೆ, ಎಷ್ಟು ಹಿತವಾಗಿದೆ ಅಂತ" ಎನ್ನುತ್ತ ಒಳಗೆ ಕಾಲಿಟ್ಟ. ಪಟ್ಟೆ ನೋಡಿದ. ಮಾತು ಅಲ್ಲೇ ನಿಂತಿತು. ಮುಖದ ಬಣ್ಣ ಇಳಿದು ಮತ್ತೆ ಏರಿತು. ಮೂಲೆಯಲ್ಲಿ ಕೂತು ಉಳಿ ಸುತ್ತಿಗೆಗಳನ್ನು ಚೀಲಕ್ಕೆ ಹಾಕುತ್ತಿದ್ದ ತಮ್ಮನ ಕಡೆ ತಿರುಗಿದ. ಬಂದವರ ಮುಂದೆ ಬಾಯಿ ಬಿಡಲಾಗದೆ ಕಣ್ಣಲ್ಲೇ ಬೈದ. ಆ ಬೈಗುಳವನ್ನು ಮೊಂಡ ಅಕ್ಷರ ಅಕ್ಷರವಾಗಿ ಓದಿಕೊಂಡ.

ಎಲ್ಲರೂ ಕೂತರು. ಅತ್ತಿಗೆ ಕಾಫಿ ತಂದಳು. ಯಾರೂ ಪಟ್ಟೆಯ ವಿಷಯ ಎತ್ತಲಿಲ್ಲ. ಎಲ್ಲರೂ ಅದನ್ನೇ ನೋಡುತ್ತಿದ್ದರು.

ಆಗ ಕೋಣೆಯ ಬಾಗಿಲು ತೆರೆದು ಅಮ್ಮ ಹೊರಬಂದಳು. ನಿದ್ದೆಯಿಂದ ಎದ್ದ ಮುಖ, ಕೆದರಿದ ಕೂದಲು. ಯಾರೋ ಇದ್ದಾರೆ ಎಂದು ಅವಳಿಗೆ ತಿಳಿದಿರಲಿಕ್ಕಿಲ್ಲ, ಮಾತೇ ಇರಲಿಲ್ಲವಲ್ಲ. ಬಲಗಾಲಿನ ಹೆಬ್ಬೆರಳು ಗೆರೆಗೆ ತಾಗಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕೈ ಚಾಚಲಿಲ್ಲ, ತಡವರಿಸಲಿಲ್ಲ. ಪಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಮೇಲಧಿಕಾರಿಯ ಹೆಂಡತಿ ಸರಕ್ಕನೆ ಕಾಲು ಎಳೆದುಕೊಂಡಳು. ಆಫೀಸಿನವನೊಬ್ಬ ಕುರ್ಚಿ ಸಮೇತ ಹಿಂದೆ ಸರಿದ. ಅಮ್ಮ ಎಲ್ಲರ ನಡುವೆ, ತೋಟದ ಕಾಲುದಾರಿಯಲ್ಲಿ ಹೋಗುವವಳ ಹಾಗೆ ಹಾದು ಹೋಗಿ, ಬಚ್ಚಲ ಚಿಲಕ ಹಿಡಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಓಹೋ" ಎಂದರು ಮೇಲಧಿಕಾರಿ ನಿಧಾನವಾಗಿ. "ಈ ಪಟ್ಟೆ ಇದಕ್ಕಾ. ನಾನು ಏನೋ ತಪ್ಪಾಗಿದೆ ಅಂದ್ಕೊಂಡಿದ್ದೆ. ತಾಯಿಯವರಿಗೋಸ್ಕರ ಮಾಡಿಸಿದ್ದಾ?"

ಅಣ್ಣ ಬಚ್ಚಲ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ನೆಲ ನೋಡಿದ. ತಮ್ಮನನ್ನು ನೋಡಲಿಲ್ಲ.

"ಹೌದು ಸಾರ್" ಎಂದ. "ಅಮ್ಮನಿಗೆ ಅಂತಾನೇ ಹೇಳಿ ಮಾಡಿಸಿದ್ದು. ಸ್ವಲ್ಪ ಯೋಚನೆ ಮಾಡಬೇಕಾಯ್ತು."

"ಎಂಥ ಮಗ" ಎಂದಳು ಮೇಲಧಿಕಾರಿಯ ಹೆಂಡತಿ. ಅವಳ ಕಣ್ಣಂಚು ಒದ್ದೆಯಾಗಿತ್ತು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಅತ್ತಿಗೆ ಗಂಡನ ಮುಖ ನೋಡಿದಳು, ಮೈದುನನ ಮುಖ ನೋಡಿದಳು, ತಟ್ಟೆ ನೋಡಿದಳು.

ಮೊಂಡನ ಕಿವಿ ಸುಡಲಿಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು. ಮೈಯಲ್ಲಿ ಸಿಟ್ಟಿಗೆ ಜಾಗವೇ ಉಳಿದಿರಲಿಲ್ಲ, ಮಂಡಿಯಿಂದ ಕತ್ತಿನವರೆಗೆ ಬರೀ ದಣಿವು. ಇಷ್ಟು ಜನರ ಮುಂದೆ ಹೇಳಿಯಾಯಿತು, ಅಣ್ಣ ಇನ್ನು ಈ ಪಟ್ಟೆ ಕೀಳಿಸಲಾರ. ಕೀಳಿಸಿದರೆ ಎಂಥ ಮಗ ಎಂಬ ಮಾತೂ ಹಲಗೆಯ ಜೊತೆಗೇ ಎದ್ದು ಹೋಗುತ್ತದೆ. ತಾನೀಗ ಬಾಯಿ ತೆರೆದರೆ ಮಾತ್ರ ಎಲ್ಲ ಕೆಡುತ್ತದೆ. ಅವನು ಚೀಲದ ಬಾಯಿ ಕಟ್ಟಿ ಎದ್ದ.

"ಇವರೇನಾ ಕೆಲಸ ಮಾಡಿದೋರು?" ಎಂದರು ಮೇಲಧಿಕಾರಿ.

"ಹೂಂ" ಎಂದ ಅಣ್ಣ. "ಕಾಂಟ್ರಾಕ್ಟರ್ ಕಡೆ ಹುಡುಗ."

"ಒಳ್ಳೇ ಕೈ ಇದೆ ಕಣಯ್ಯಾ ನಿಂದು" ಎಂದರು ಮೇಲಧಿಕಾರಿ, ಕುರ್ಚಿಯಲ್ಲಿ ಇತ್ತ ತಿರುಗಿ. "ನಮ್ಮ ಮನೇಲೂ ತಂದೆಯವರಿದ್ದಾರೆ, ಅವರಿಗೂ ಕಣ್ಣು ಮಂಜು. ಬಂದು ಹೀಗೇ ಹಾಕಿಕೊಡ್ತೀಯೇನಪ್ಪ?"

ಒಳಗೆ ಅಮ್ಮ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ನೀರು ಬಕೆಟ್ಟಿಗೆ ಬೀಳತೊಡಗಿತು. ಅಣ್ಣ ಈಗ ತಮ್ಮನ ಕಡೆ ನೋಡುತ್ತಿದ್ದ. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು.

ಮೊಂಡ ಚೀಲವನ್ನು ಹೆಗಲಿಗೇರಿಸಿಕೊಂಡ. ಪಟ್ಟೆಯನ್ನು ತುಳಿಯದೆ ದಾಟಿ, ಬಾಗಿ ಚಪ್ಪಲಿ ಮೆಟ್ಟಿಕೊಂಡ. "ನಿನ್ನನ್ನೇ ಕೇಳ್ತಿರೋದು" ಎಂದರು ಹಿಂದಿನಿಂದ ಮೇಲಧಿಕಾರಿ. ಅವನು ಬಾಗಿಲು ದಾಟಿ, ಮೆಟ್ಟಿಲ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದ.